ಹಗ್ಗದೊಳಗಿನ ಒಂಟಿಗಣ್ಣ

ಒಂಟಿಗಣ್ಣನಿಗೆ ಕಣ್ಣು ಎರಡೂ ನೆಟ್ಟಗೇ ಇದ್ದವು. ಆದರೆ ನಾವು ಕಂಡಾಗಲೆಲ್ಲ ಒಂದನ್ನು ಮುಚ್ಚಿಕೊಂಡು ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡಿರುತ್ತಿದ್ದ. ಹಾಗಾಗಿ ಆ ಹೆಸರು ನಾವೇ ಇಟ್ಟದ್ದು. ನಮಗೂ ಅವನಿಗೂ ಎಣ್ಣೆ ಸೀಗೆಕಾಯಿ. ನಾವು ಕಾರ್ಮಿಕ ಸಂಘದವರು ಮೆರವಣಿಗೆ ಹೊರಟರೆ ಸಾಕು, ಯಾವುದೋ ಮಾಳಿಗೆ ಹತ್ತಿ ನಮ್ಮ ಮುಖಗಳನ್ನು ಹಿಡಿದು ಪೊಲೀಸ್ ಠಾಣೆಗೆ ಕೊಡುತ್ತಿದ್ದ. ಆಮೇಲೆ ಇನ್ಸ್‌ಪೆಕ್ಟರನ ಮೇಜಿನ ಮೇಲೆ ನಮ್ಮ ಮುಖದ ಸುತ್ತ ಕೆಂಪು ಶಾಯಿಯ ಸೊನ್ನೆ. ಫೋಟೋ ಚೆನ್ನಾಗಿಯೇ ಬಂದಿರುತ್ತಿತ್ತು. ಕೆಲಸ ಬಲ್ಲವನು, ಹಾಳಾದವನು.

ಈ ಚಾಕರಿಗೆ ಸಿಕ್ಕ ಕೂಲಿ ಎಂದರೆ ರಾಷ್ಟ್ರೀಯ ಹಬ್ಬದ ಪಾಸು. ಆಗಿನ್ನೂ ರೀಲಿನ ಕಾಲ. ಹಬ್ಬದ ದಿನ ಮೈದಾನದಲ್ಲಿ ಬಾವುಟದ ಕಂಬದ ಸುತ್ತ ಹಗ್ಗ ಕಟ್ಟುತ್ತಿದ್ದರು. ಹಗ್ಗದೊಳಗೆ ಒಬ್ಬನೇ ಒಬ್ಬ ಫೋಟೋಗ್ರಾಫರ್. ಎಲ್ಲ ಪತ್ರಿಕೆಗಳಿಗೂ ಅವನು ತೆಗೆದದ್ದೇ ಹೋಗಬೇಕು. ಆ ಪಾಸನ್ನು ಎದೆಗೆ ಚುಚ್ಚಿಕೊಂಡು ಬೀದಿಯಲ್ಲಿ ಬಂದನೆಂದರೆ ಮಂತ್ರಿ ಇವನ ಮನೆಯ ಅಳಿಯನೇನೋ ಎನ್ನಬೇಕು, ಹಾಗಿರುತ್ತಿತ್ತು ಠೀವಿ. ವರ್ಷವಿಡೀ ತನ್ನ ಸ್ಟುಡಿಯೋದಲ್ಲಿ ಅಳುವ ಕೂಸುಗಳನ್ನೂ ಕತ್ತು ಸೊಟ್ಟ ಮಾಡುವ ಮದುಮಕ್ಕಳನ್ನೂ ಗದರಿಸುತ್ತ ಕೂರುವವನಿಗೆ ಆ ಒಂದು ಬೆಳಗ್ಗೆಯೇ ಬದುಕು.

ಆ ಹಗ್ಗದ ಮೇಲೆ ಕಣ್ಣು ಹಾಕಿದವನು ಅವನ ಬಾಮೈದ. ಭಾವನ ಕತ್ತಲೆ ಕೋಣೆಯಲ್ಲೇ ಫೋಟೋ ತೊಳೆಯುವುದನ್ನು ಕಲಿತು, ಕಿತ್ತಾಡಿಕೊಂಡು, ರಸ್ತೆಯ ಆಚೆ ಬದಿಗೆ ಸರಿಯಾಗಿ ಎದುರಿಗೇ ಸ್ಟುಡಿಯೋ ತೆರೆದಿದ್ದ. ಸಂಜೆಯಾದರೆ ನಮ್ಮ ಸಂಘದ ಕಚೇರಿಯ ಕೆಳಗಿನ ಟೀ ಅಂಗಡಿಯಲ್ಲಿ ಕೂತು ಭಾವನ ಮಾನ ಹರಾಜು ಹಾಕುತ್ತಿದ್ದ. ಈ ಕತೆಯಲ್ಲಿ ಅರ್ಧ ಅವನ ಬಾಯಿಂದ ಕೇಳಿದ್ದು. ಇನ್ನರ್ಧ ಹೇಳಿದವನು ಪಾಸು ಕೊಡುವ ಸರ್ಕಾರಿ ಪ್ರಚಾರ ಕಚೇರಿಯ ಜವಾನ. ಅವನು ನಮ್ಮ ಸಂಘದ ಸದಸ್ಯ.

ಆ ವರ್ಷ ಹಬ್ಬ ಹತ್ತಿರ ಬಂದಾಗ ಒಂಟಿಗಣ್ಣನಿಗೆ ಚಳಿಜ್ವರ ಅಮರಿಕೊಂಡಿತು. ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ಮಂಚ ಗಡಗಡ ಅಲುಗಾಡುತ್ತಿತ್ತಂತೆ.

"ಈ ಸಲ ನನ್ನ ತಮ್ಮನ್ನ ಕಳಿಸ್ರೀ," ಅಂದಳು ಹೆಂಡತಿ. "ಅವನೇ ಕೇಳ್ತಿದಾನೆ."

"ಅವನ ಕೈಗೆ ಪಾಸು ಹೋದ್ರೆ ವಾಪಸ್ ಬರುತ್ತೇನೇ?"

"ನೀವು ವಾಪಸ್ ಬಂದ್ರೆ ಸಾಕಾಗಿದೆ ನಂಗೆ."

"ನಾನು ಸತ್ರೂ ಪಾಸು ನನ್ನ ಎದೆ ಮೇಲೇ ಇರ್ಬೇಕು."

"ಇರ್ಲಿ ಬಿಡಿ. ಹೆಣಕ್ಕೂ ಒಂದು ಗುರುತು ಬೇಕಲ್ಲ."

ಅವಳು ಬಿಸಿನೀರಿನ ಲೋಟ ಕುಕ್ಕಿ ಎದ್ದಳು. ಅವನು ಕಂಬಳಿಯೊಳಗಿಂದಲೇ ಕೂಗಿದ: "ನಂಗೆ ಮೈ ಸರಿಯಿಲ್ಲ ಅಂತ ಕಚೇರೀಲಿ ಯಾರಿಗಾದ್ರೂ ಹೇಳ್ದೆ ಅಂದ್ರೆ ನಾಲಗೆ ಕೀಳ್ತೀನಿ." ಅವನಿಗಿದ್ದದ್ದು ಇದೊಂದೇ ದಿಗಿಲು. ಜ್ವರದ ಸುದ್ದಿ ಕಚೇರಿಯ ಸಾಹೇಬರ ಕಿವಿಗೆ ಬಿದ್ದರೆ ಪಾಸು ರಸ್ತೆ ದಾಟಿಬಿಡುತ್ತದೆ.

ಹಬ್ಬದ ಹಿಂದಿನ ದಿನ ಮೈದಾನದಲ್ಲಿ ತಾಲೀಮು. ಮಂತ್ರಿ ತಾಲೀಮಿಗೆಲ್ಲಿ ಬಂದಾರು? ಅವರ ಬದಲು ನಮ್ಮ ಜವಾನ ನಿಲ್ಲುತ್ತಿದ್ದ. ಮಂತ್ರಿಯದೇ ಎತ್ತರ, ಮಂತ್ರಿಯದೇ ಹೊಟ್ಟೆ. ಹೊಟ್ಟೆ ಎಲ್ಲಿಂದ ಬಂತೋ ಎಂದರೆ "ಕಚೇರಿ ಗಾಳಿ ಕುಡಿದು" ಎನ್ನುತ್ತಿದ್ದ. ಕಪಾಟಿನಲ್ಲಿ ಇದಕ್ಕೆಂದೇ ಒಂದು ಕರಿ ಕೋಟು ಇತ್ತು. ಅದನ್ನು ತೊಟ್ಟು, ದಾರ ಎಳೆದು ಬಾವುಟ ಬಿಚ್ಚಿ, ಸೆಲ್ಯೂಟ್ ಹೊಡೆದು, ಕೋಟು ಕಳಚಿಟ್ಟು ಮತ್ತೆ ಕುರ್ಚಿ ಹೊರಲು ಹೋಗುತ್ತಿದ್ದ. ಬೆಳಕು ನೋಡಿಕೊಳ್ಳಲು ಒಂಟಿಗಣ್ಣ ಅವನ ಫೋಟೋವನ್ನೂ ಹೊಡೆದುಕೊಳ್ಳುವುದು ವಾಡಿಕೆ. ಆ ವರ್ಷವೂ ಹೊಡೆದ, ನಿಲ್ಲಲಾಗದೆ ನೆಲದಲ್ಲಿ ಕೂತು.

ಮರುದಿನ ನಾವು ಹಗ್ಗದ ಹೊರಗೆ ಬೋರ್ಡು ಹಿಡಿದು ನಿಂತಿದ್ದೆವು. ಕಾರ್ಖಾನೆಯಿಂದ ಹೊರಗಟ್ಟಿದವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಬೋರ್ಡು. ಒಂಟಿಗಣ್ಣ ಸ್ವೆಟರಿನ ಮೇಲೆ ಸ್ವೆಟರ್ ತುರುಕಿಕೊಂಡು ಮೂಟೆಯಂತೆ ಬಂದ. ಮುಖ ಸುಣ್ಣ ಬಳಿದ ಗೋಡೆ. ನಮ್ಮ ಹೊಲಿಗೆ ಅಕ್ಕ ಬಿಡಲಿಲ್ಲ. ಆ ಕಾರ್ಖಾನೆಯಲ್ಲಿ ಅಂಗಿ ಹೊಲಿಯುತ್ತಿದ್ದವಳು, ಮೊದಲು ಕೆಲಸ ಕಳೆದುಕೊಂಡವಳು ಅವಳೇ.

"ಏನೋ ಒಂಟಿಗಣ್ಣ, ನಡುಗ್ತಾ ಇದೀಯ. ನಮ್ಮನ್ನ ನೋಡಿ ಭಯಾನಾ?"

"ನಿಮ್ಮಂಥವರನ್ನ ನೋಡಿದ್ರೆ ಮೈಯೆಲ್ಲ ಉರಿಯುತ್ತೆ," ಅಂದ, ಹಲ್ಲು ಕಟಕಟಿಸುತ್ತ.

ಬ್ಯಾಂಡು ಶುರುವಾಯಿತು. ಮಂತ್ರಿ ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಕಟ್ಟೆ ಹತ್ತಿದರು. ದಾರ ಎಳೆದರು, ಬಾವುಟ ಬಿಚ್ಚಿಕೊಂಡಿತು. ಅದೇ ಗಳಿಗೆಯಲ್ಲಿ ಒಂಟಿಗಣ್ಣ ಕಟ್ಟೆಯ ಹಿಂದೆ ಮಂಡಿಯೂರಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಳ್ಳುತ್ತಿದ್ದ. ನಾವು ನಿಂತ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ಅಯ್ಯೋ ಅನ್ನಿಸಲಿಲ್ಲ. ಚಪ್ಪಾಳೆ ತಟ್ಟಿದೆವು. ಜನ ಅದು ಬಾವುಟಕ್ಕೆಂದುಕೊಂಡರು.

ಸ್ಟುಡಿಯೋದಲ್ಲಿ ರೀಲು ತೊಳೆದು ನೋಡಿದರೆ ಎಲ್ಲ ಇದೆ. ಮಂತ್ರಿಯ ಕಾರು, ಕವಾಯತು, ಶಾಲೆ ಮಕ್ಕಳು. ಬಾವುಟ ಮಾತ್ರ ಇಲ್ಲ. ಬಾವುಟವಿಲ್ಲದೆ ಕಚೇರಿಗೆ ಹೋದರೆ ಪಾಸು ಕಳೆದಂತೆಯೇ. ರೀಲಿನ ಮೊದಲಿಗೆ ತಾಲೀಮಿನ ಫೋಟೋ ಇತ್ತು. ಕೋಟಿನ ಜವಾನ, ತಲೆಯ ಮೇಲೆ ಬಾವುಟ, ಹಿಂದೆ ಬರೀ ಆಕಾಶ. ಸೆಲ್ಯೂಟಿನ ಕೈ ಮುಖಕ್ಕೆ ಅಡ್ಡ ಬಂದಿತ್ತು. ಕೆಂಪು ಬಲ್ಬಿನ ಕೆಳಗೆ ಜ್ವರದ ಕಣ್ಣು ಕಿರಿದು ಮಾಡಿಕೊಂಡು ಅವನು ನೋಡಿದ್ದು ಒಂದನ್ನೇ: ಮುಖ ಗೊತ್ತಾಗುತ್ತದೋ ಇಲ್ಲವೋ. ಗೊತ್ತಾಗಲಿಲ್ಲ. ಪ್ರಿಂಟು ಹಾಕಿದ.

ಪ್ರಚಾರ ಕಚೇರಿಯ ಸಾಹೇಬರೂ ನೋಡಿದ್ದು ಒಂದನ್ನೇ: ಬಾವುಟ ತಲೆಕೆಳಗಾಗಿದೆಯೋ ಇಲ್ಲವೋ. ಹಿಂದೆ ಯಾವಾಗಲೋ ಹಾಗಾಗಿ ಒಬ್ಬ ಸಾಹೇಬರಿಗೆ ವರ್ಗವಾಗಿತ್ತು. ಬಾವುಟ ನೆಟ್ಟಗಿತ್ತು. ಮೊಹರು ಬಿತ್ತು.

ಮರುದಿನ ಟೀ ಅಂಗಡಿಯಲ್ಲಿ ಹೊಲಿಗೆ ಅಕ್ಕ ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೇಳಿದಳು: "ಮಂತ್ರಿ ಕಾಲಲ್ಲಿ ಇರೋದೇನ್ರೋ ಇದು?"

ರಬ್ಬರ್ ಚಪ್ಪಲಿ. ಒಂದರ ಪಟ್ಟಿ ಕಿತ್ತಿದ್ದಕ್ಕೆ ಪಿನ್ನು ಚುಚ್ಚಿದ್ದರು.

ಜವಾನ ಬಗ್ಗಿ ನೋಡಿದ. "ನಂದೇ ಕಣಕ್ಕ. ಪಿನ್ನು ನನ್ನ ಹೆಂಡ್ತಿ ಹಾಕಿದ್ದು."

ಜವಾನನ ಹೊಟ್ಟೆಪಾಡಿನ ಪ್ರಶ್ನೆ ಎಂದು ನಾವು ಬಾಯಿ ಹೊಲಿದುಕೊಂಡೆವು. ಬಾಮೈದನಿಗೆ ಅಂಥ ತೊಂದರೆಯಿರಲಿಲ್ಲ. ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಹತ್ತಿಳಿದ. ಬೂಟನ್ನು ಕಣ್ಣಾರೆ ಕಂಡ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರು ಒಂಟಿಗಣ್ಣನನ್ನು ಕರೆಸಿದರು.

"ಇದು ಯಾರಯ್ಯಾ?"

"ಮಂತ್ರಿಗಳು ಸಾರ್."

"ಕಾಲಲ್ಲಿ ಏನಯ್ಯಾ?"

ಒಂಟಿಗಣ್ಣ ಆಗ ನೋಡಿದ. ಅಷ್ಟೊತ್ತಿಗೆ ಸರಿಯಾಗಿ ಜವಾನ ಟೀ ತಂದಿಟ್ಟ. ಸಾಹೇಬರು ಫೋಟೋ ನೋಡಿದರು, ಜವಾನನ ಕಾಲು ನೋಡಿದರು, ಫೋಟೋದ ಹಿಂದಿದ್ದ ತಮ್ಮದೇ ಮೊಹರು ನೋಡಿದರು.

ಮೊಹರು ಹಾಕಿದ ಮೇಲೆ ತಪ್ಪು ಎಂದರೆ ತಪ್ಪು ಸಾಹೇಬರದೇ. ಅದಕ್ಕೇ ಪತ್ರಿಕೆಗಳಲ್ಲಿ ಕಚೇರಿಯ ಸ್ಪಷ್ಟೀಕರಣ ಬಂತು: ಮಾನ್ಯ ಮಂತ್ರಿಗಳ ಪಾದ ಊದಿಕೊಂಡಿದ್ದರಿಂದ ವೈದ್ಯರ ಸಲಹೆಯಂತೆ ಚಪ್ಪಲಿ ಧರಿಸಿದ್ದರು. ಮುಂದಿನ ಸಮಾರಂಭಕ್ಕೆ ಮಂತ್ರಿ ಕುಂಟುತ್ತಲೇ ಬಂದರು. ಜವಾನನಿಗೆ ಕಚೇರಿಯಿಂದ ಹೊಸ ಬೂಟು ಸಿಕ್ಕಿತು, ಬಾಯಿ ಮುಚ್ಚಿಕೊಂಡಿರಲಿ ಎಂದು. ಬಾಯಿ ಮುಚ್ಚಲಿಲ್ಲ, ಬೂಟು ಹಾಕಿಕೊಂಡ.

ಗಂಡಾಂತರ ಕಳೆಯಿತೆಂದುಕೊಂಡ ಒಂಟಿಗಣ್ಣ. ಮಾರನೆಯ ವರ್ಷ ಹಬ್ಬಕ್ಕೆ ಮುಂಚೆ ನೋಡಿದರೆ ಪಾಸು ಬಾಮೈದನ ಎದೆಯ ಮೇಲಿತ್ತು. ಕಚೇರಿಗೆ ಓಡಿದ.

"ನನ್ನ ತಪ್ಪೇನು ಸಾರ್? ಫೋಟೋ ಸರಿಯಿದೆ ಅಂತ ನೀವೇ ಪೇಪರ್‌ಗೆ ಬರೆದಿದೀರಿ."

"ತಪ್ಪು ಅಂತ ಯಾರಂದ್ರು? ಫೋಟೋ ಸರಿಯಾಗೇ ಇದೆ. ನಿನ್ನ ಮೈಯೇ ಸರಿಯಿಲ್ಲವಂತೆ. ನಿನ್ನ ಹೆಂಡ್ತಿ ಬಂದು ಹೇಳಿ ಹೋದರು. ಮನೇಲಿ ಬಿದ್ದಿರು."

ಜ್ವರ ಬಿಟ್ಟು ವರ್ಷವಾಗುತ್ತ ಬಂದಿತ್ತು. ಗುಂಡುಕಲ್ಲಿನಂತಿದ್ದ. ಮನೆಗೆ ಬಂದು ಹೆಂಡತಿಯ ಎದುರು ನಿಂತರೆ ಅವಳು ಬಟ್ಟೆ ಮಡಚುವುದನ್ನೂ ನಿಲ್ಲಿಸಲಿಲ್ಲ.

"ಹೌದು, ನಾನೇ ಹೇಳ್ದೆ. ಕೀಳಿ ಈಗ ನಾಲಗೆ."

ಹಬ್ಬದ ದಿನ ಒಂಟಿಗಣ್ಣ ಕ್ಯಾಮೆರಾ ನೇತುಹಾಕಿಕೊಂಡು ಬಂದೇ ಬಂದ. ಕಾವಲಿನ ಪೊಲೀಸಿನವನು, ಇವನ ಫೋಟೋಗಳನ್ನು ಎಷ್ಟೋ ಸಲ ಠಾಣೆಗೆ ಹೊತ್ತವನು, ಲಾಠಿ ಅಡ್ಡ ಹಿಡಿದು ನಮ್ಮ ಕಡೆಗೆ ತಳ್ಳಿದ. ಹಗ್ಗದೊಳಗೆ ಬಾಮೈದ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ತಯಾರಾಗಿದ್ದ. ನಾವ್ಯಾರೂ ಜಾಗ ಬಿಡಲಿಲ್ಲ. ಬ್ಯಾಂಡು ಶುರುವಾಯಿತು. ಒಂಟಿಗಣ್ಣ ಕ್ಯಾಮೆರಾ ಎತ್ತಿದರೆ ಎದುರಿಗೆ ಹೊಲಿಗೆ ಅಕ್ಕನ ಬೋರ್ಡು.

"ಬೋರ್ಡು ಒಂಚೂರು ಇಳಿಸಮ್ಮ. ಏನೂ ಕಾಣ್ತಿಲ್ಲ."

ಹೊಲಿಗೆ ಅಕ್ಕ ತಿರುಗಿಯೂ ನೋಡಲಿಲ್ಲ. "ಇಳಿಸಲ್ಲ ಹೋಗೋ," ಅಂದಳು.