ಕಾಫಿ ಕಣದಲ್ಲಿ ಕಲಿತ ಇಟಾಲಿಯನ್

ಬೆಳಗಿನ ಚಳಿಯಲ್ಲಿ ಚಿಕ್ಕಮಗಳೂರಿನಿಂದ ಕಳಸದ ಬಸ್ಸು ಹತ್ತಿದೆ. ನನಗೆ ಇಟಾಲಿಯನ್ ಕಲಿಸಿದ ಇಬ್ರಾಹಿಂ ಸಾಹೇಬರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ, ಮಗಳ ಗುರುತೂ ಹತ್ತುತ್ತಿಲ್ಲ ಎಂದು ಅವರ ಹೆಂಡತಿ ಆಮಿನಕ್ಕ ಫೋನ್ ಮಾಡಿದ್ದರು. ನಾನು ಹೋದರೆ ಗುರುತು ಹಿಡಿದಾರೇನೋ ಎಂಬ ಆಸೆ ಅವರಿಗೆ.

ಮೂಡಿಗೆರೆಯಲ್ಲಿ ಬಸ್ಸು ನಿಂತಾಗ ಬನ್ಸ್ ಕೊಂಡೆ, ತಿನ್ನಲಾಗಲಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಹರಿದು, ಕಣಗಳಲ್ಲಿ ಹರವಿದ ಕಾಫಿ ಕಾಣತೊಡಗಿತು.

ಸಾಹೇಬರು ಪ್ರಾಯದಲ್ಲಿ ಇಟಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಊರಿಗೆ ಮರಳಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ರಿಪೇರಿ ಮಾಡುತ್ತಿದ್ದರು. ಕಾಫಿ ಕೊಳ್ಳಲು ಬರುವ ಇಟಲಿಯವರಿಗೆ ತೋಟ ತೋರಿಸುವ ಕೆಲಸ ನನಗೆ ಸಿಕ್ಕಾಗ, ತಮ್ಮ ಮನೆಯ ಕಣದಲ್ಲೇ ಪಾಠ ಶುರುಮಾಡಿದರು. ಒಣಗುವ ಕಾಫಿಯನ್ನು ನಾವು ಬರಿಗಾಲಲ್ಲಿ ಸಾಲೆಳೆಯುತ್ತ ತಿರುವಿಹಾಕುತ್ತೇವಲ್ಲ, ಆ ನಡಿಗೆಯೇ ಅವರ ಪಾಠ. ಅಕ್ಷರಕ್ಕೊಂದು ಹೆಜ್ಜೆ, ಒತ್ತು ಬೀಳುವಲ್ಲಿ ಉದ್ದನೆಯ ಹೆಜ್ಜೆ. ‘ನಾವು ಮಾತಾಡುತ್ತೇವೆ’ ಎನ್ನಲು ಪರ್‌-ಲ್ಯಾ-ಮೊ: ನಡುವಿನದು ಉದ್ದ. ‘ಅವರು ಮಾತಾಡುತ್ತಾರೆ’ ಎನ್ನಲು ಪಾರ್‌-ಲ-ನೊ: ಮೊದಲನೆಯದು ಉದ್ದ. ನಾನು ಎರಡರಲ್ಲೂ ನಡುವೆಯೇ ಎಳೆಯುತ್ತಿದ್ದೆ. ಅವರು ಬಾಯಲ್ಲಿ ತಿದ್ದಿದವರಲ್ಲ. ಪಕ್ಕದಲ್ಲಿ ಬಂದು ಸರಿಯಾದ ಹೆಜ್ಜೆ ಎಳೆದು ತೋರಿಸುತ್ತಿದ್ದರು. ಕಾಫಿ ಒಣಗಿಸುತ್ತೀರೋ ಕುಣಿಸುತ್ತೀರೋ ಎಂದು ಆಮಿನಕ್ಕ ಕೆಣಕುತ್ತಿದ್ದರು.

ಈಗ ಅದೇ ಕಣದ ಅಂಚಿನಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹೆಸರು ಹೇಳಿದೆ. ಅವರ ಕಣ್ಣು ನನ್ನ ಮುಖವನ್ನು ದಾಟಿ ತೋಟದ ಸಿಲ್ವರ್ ಓಕ್ ಮರಗಳ ಕಡೆ ಹೋಯಿತು. ಬೇರೇನೂ ತೋಚದೆ ಚಪ್ಪಲಿ ಬಿಟ್ಟು ಕಾಫಿಗೆ ಇಳಿದೆ. ಪರ್‌-ಲ್ಯಾ-ಮೊ ಎನ್ನುತ್ತ ನಡೆದೆ. ಏನೂ ಆಗಲಿಲ್ಲ. ಮುಂದಿನದಕ್ಕೆ, ಅಂಜಿಕೆಗೋ ಏನೋ, ಹಳೆಯ ತಪ್ಪೇ ಕಾಲಿಗೆ ಬಂತು: ಪರ್‌-ಲಾ-ನೊ.

ಕುರ್ಚಿಯ ಬುಡದಲ್ಲಿ ಸದ್ದಾಯಿತು. ಸ್ವಾಧೀನವಿದ್ದ ಅವರ ಎಡಗಾಲು ನೆಲವನ್ನು ಒಮ್ಮೆ ಉದ್ದಕ್ಕೆ, ಆಮೇಲೆ ಎರಡು ಸಲ ಚಿಕ್ಕದಾಗಿ ಉಜ್ಜಿತು. ಕಣ್ಣು ನನ್ನ ಪಾದದ ಮೇಲಿತ್ತು.

ಆಮಿನಕ್ಕ ಕುರ್ಚಿಯ ಬಳಿ ಬಗ್ಗಿ ಆ ಕಾಲನ್ನೇ ನೋಡಿದರು. “ಸಿಕ್ತು ಮಾರಾಯ್ತಿ ಗುರುತು,” ಎಂದರು. “ನಿನ್ನ ಮುಖ ಮರೆತ್ರೂ ತಪ್ಪು ಮರೀಲಿಲ್ಲ ನೋಡು ಇವ್ರು.”

ಸಂಜೆಯ ಬಸ್ಸಿಗೆ ಹೊರಟು, ಗೇಟಿನ ಹತ್ತಿರ ತಿರುಗಿ ನೋಡಿದೆ. ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿಯಾಗಿತ್ತು. ಖಾಲಿ ಕಣದಲ್ಲಿ, ಒಂದಕ್ಷರ ಇಟಾಲಿಯನ್ ಬಾರದ ಆಮಿನಕ್ಕ, ಗಂಡನ ಎದುರು ಬರಿಗಾಲಲ್ಲಿ ನಿಂತು, ಬೇಕೆಂದೇ ತಪ್ಪು ಹೆಜ್ಜೆ ಎಳೆಯುತ್ತಿದ್ದರು.