ತಲೆ ತಗ್ಗಿಸಿ ಹೋಗುವ ಸೈಕಲ್

ನಿನ್ನೆ ಬೆಳಿಗ್ಗೆ ಚೌಬಾರಾ ಗೋಪುರದ ಬಳಿಯ ಸೈಕಲ್ ಅಂಗಡಿಯೊಂದನ್ನು ಹಾದುಹೋಗುವಾಗ ಪಂಕ್ಚರ್ ಹಚ್ಚುವ ಅಂಟಿನ ವಾಸನೆ ಮೂಗಿಗೆ ತಾಗಿತು. ಕೈಯಲ್ಲಿ ಪೂಜೆಗೆಂದು ಕೊಂಡ ಬಿಲ್ವಪತ್ರೆಯಿತ್ತು. ಮನಸ್ಸು ಶಿವನಲ್ಲಿ ನಿಲ್ಲಬೇಕಾದ ಹೊತ್ತು. ಅದು ಆ ವಾಸನೆಯ ಬೆನ್ನುಹತ್ತಿ, ಬೀದರಿನ ಮನೆಮನೆಗೂ ಟ್ಯಾಂಕರಿನ ನೀರು ಬರುತ್ತಿದ್ದ ಬರದ ವರ್ಷಗಳಿಗೆ ಹೊರಟೇಹೋಯಿತು. ಓದುಗ ಮಿತ್ರರೇ, ಈ ವಯಸ್ಸಿನ ಮನಸ್ಸಿಗೆ ಹಗ್ಗ ಹಾಕುವುದು ಕಷ್ಟ. ನೀವೂ ಜೊತೆಗೆ ಬಂದರೆ ದಾರಿಯಾದರೂ ಸಾಗುತ್ತದೆ.

ಮಹಾದೇವಿ ನನ್ನ ತಮ್ಮನ ಮಗಳು. ತಮ್ಮನ ಮನೆ ಹಲಬರ್ಗಾದಲ್ಲಿ. ಅವಳು ಬೀದರಿನ ಕಾಲೇಜೊಂದರಲ್ಲಿ ವ್ಯಾಯಾಮ ಕಲಿಸುತ್ತ ನನ್ನ ಮನೆಯಲ್ಲಿದ್ದಳು. ನನ್ನ ಹೆಂಡತಿ ಶಿವನ ಪಾದ ಸೇರಿದ ಮೇಲೆ ಮನೆಯಲ್ಲಿ ಕೇಳಿಸುತ್ತಿದ್ದುದು ಅವಳ ದನಿಯೊಂದೇ. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಎತ್ತರ ಅವಳದು. ದೇವರ ಕೋಣೆಗೆ ಬರುವಾಗ ಬಾಗಿಲೇ ಅವಳಿಗೆ ಭಕ್ತಿಯನ್ನು ಕಲಿಸುತ್ತಿತ್ತು. ಟ್ರಯಥ್ಲಾನ್ ಎಂಬ ಸ್ಪರ್ಧೆಯ ಹಂಬಲ ಅವಳಿಗೆ. ಮೊದಲು ಈಜಬೇಕು, ಮೈ ಒರೆಸುವಷ್ಟರಲ್ಲಿ ಸೈಕಲ್ ಏರಬೇಕು, ಇಳಿದೊಡನೆ ಓಡಬೇಕು. ನಾನು ಅದಕ್ಕೊಂದು ಸಂಸ್ಕೃತ ಹೆಸರು ಕಟ್ಟಿಕೊಟ್ಟೆ. ಅವಳು ಬಳಸಲಿಲ್ಲ.

ಅವಳು ಈಜು ಕಲಿತದ್ದು ಹಲಬರ್ಗಾದ ತಮ್ಮನ ಬಾವಿಯಲ್ಲಿ. ಆ ವರ್ಷ ಬಾವಿಯ ತಳ ಕಂಡಿತು. ಅದೇ ಸಮಯಕ್ಕೆ ಕಡಲತೀರದ ತರಬೇತಿ ಕೇಂದ್ರವೊಂದು ಅವಳನ್ನು ಕರೆಯಿತು. ಉಳಿದೆಲ್ಲವನ್ನೂ ಅವರೇ ನೋಡಿಕೊಳ್ಳುವರು, ಮೈಗೆ ಒಪ್ಪುವ ಸೈಕಲನ್ನು ಮಾತ್ರ ತಾನೇ ತರಬೇಕು. ಸೈಕಲ್ ಸಿಕ್ಕರೆ ಹೊರಡುವುದು, ಸಿಗದಿದ್ದರೆ ಇಲ್ಲಿಯೇ ಉಳಿಯುವುದು ಎಂದು ನಿಶ್ಚಯವಾಯಿತು. ಹುಡುಕಾಟಕ್ಕೆ ಜೊತೆಯಾದವನು ನಾನೇ.

ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನೂ ಸೈಕಲ್ ಹೊಡೆದವನೇ. ಬೆನ್ನು ನೆಟ್ಟಗೆ, ಧೋತರದ ಚುಂಗು ಕೈಯಲ್ಲಿ. ಉತ್ಸವಮೂರ್ತಿ ಹೊರಟಿತೆಂದು ವಿದ್ಯಾರ್ಥಿಗಳು ನಗುತ್ತಿದ್ದರಂತೆ. ಆದುದರಿಂದ ಮಹಾದೇವಿಯ ಬೇಡಿಕೆ ನನಗೆ ಅರ್ಥವಾಗುತ್ತಿರಲಿಲ್ಲ.

"ಉದ್ದಕ ಚಾಚ್ಕೊಂಡು ತಗ್ಗಿನಾಗ ಕುಂಡ್ರಬೇಕ್ರಿ ದೊಡ್ಡಪ್ಪಾ. ಗಾಳಿ ನನ್ನ ಮ್ಯಾಲಿಂದ ಹರ್ದು ಹೋಗಬೇಕು."

"ಕುಂಡ್ರೋದಂದ್ರ ಬೆನ್ನು ನೆಟ್ಟಗಿರಬೇಕವ್ವಾ."

"ಅದು ಪೂಜಿಗಿರಿ."

ಚೌಬಾರಾದ ಖಾಜಾ ಮಿಯಾ ತನ್ನ ಅಂಗಡಿಗೆ ಒಂದೊಂದಾಗಿ ಸೈಕಲ್ ತರಿಸಿದ. ಒಂದರಲ್ಲಿ ಅವಳು ಬಾಗಿದೊಡನೆ ಮೊಣಕಾಲು ಮೊಣಕೈಗೆ ಬಡಿಯಿತು. ಹೈದರಾಬಾದಿನಿಂದ ಬಂದ ಇನ್ನೊಂದರ ಹಿಡಿಕೆ ಎಷ್ಟು ಮೇಲಿತ್ತೆಂದರೆ ಅವಳ ಕತ್ತು ಹೂಳಿಹೋಗಿ ಭುಜಗಳಷ್ಟೇ ಕಾಣುತ್ತಿದ್ದವು. "ಗುರುಜಿ, ಈ ಬೇಟಿಗಿ ಸೈಕಲ್ ಅಲ್ಲ, ನಿಚ್ಚಣಿಕಿ ಬೇಕ್ರಿ" ಎಂದ ಖಾಜಾ. ಪ್ರತಿ ಬಾರಿಯೂ ಅವಳ ಮುಖ ಬಾಡುತ್ತಿತ್ತು. ಪ್ರತಿ ಬಾರಿಯೂ ನನ್ನ ಮನೆಯಲ್ಲಿ ಇನ್ನೊಂದಿಷ್ಟು ದಿನ ಆ ದನಿ ಉಳಿಯುತ್ತಿತ್ತು.

ಕೊನೆಗೆ ಔರಾದದಲ್ಲಿ ಒಬ್ಬ ವೈದ್ಯರ ಬಳಿ ಅಂಥ ಸೈಕಲ್ ಇದೆಯೆಂದು ತಿಳಿಯಿತು. ಅವರೂ ನೀಳಕಾಯರು. "ನನಗ ಒಗ್ಗಲಿಲ್ಲರಿ ಇದು. ಹತ್ತೂದು ಒಬ್ಬನ ಹತ್ತಿದೆ, ಇಳಸ್ಲಿಕ್ಕ ಇಬ್ಬರು ಬೇಕಾದ್ರು" ಎಂದು ಬೆನ್ನು ತೀಡಿಕೊಂಡು ನಕ್ಕು, ಅದನ್ನು ನಮಗೆ ಬಿಟ್ಟುಕೊಟ್ಟರು.

ಸೈಕಲನ್ನು ಬಸ್ಸಿನ ಮೇಲೆ ಕಟ್ಟಿಸಿ ಬೀದರಿಗೆ ಮರಳುತ್ತಿದ್ದೆವು. ಸಂತಪುರದಲ್ಲಿ ಗಂಟುಮೂಟೆ, ಹಾಸಿಗೆಯ ಸುರುಳಿ, ಹಿಟ್ಟಿನ ಡಬ್ಬಿಗಳೊಡನೆ ನಾಲ್ಕಾರು ಸಂಸಾರಗಳು ಹತ್ತಿದವು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸವಿದೆಯೆಂದು ಹೊರಟವರು. ನಮ್ಮ ಪಕ್ಕ ಕುಳಿತ ಹೆಂಗಸು ಮೇಲಿನ ಸೈಕಲನ್ನು ಕಂಡಿದ್ದಳು.

"ನೀವೂ ಹೊಂಟೀರೇನ್ರಿ, ಅಕ್ಕಾ? ನೀರಿದ್ದಲ್ಲಿಗೇನು?"

ಮಹಾದೇವಿ ನನ್ನತ್ತ ನೋಡಿ, "ಇನ್ನಾ ಇಲ್ಲರಿ" ಎಂದಳು. ಆ 'ಇನ್ನಾ' ಎಂಬ ಮಾತು ಬೀದರ್ ತಲುಪುವವರೆಗೂ ನಮ್ಮಿಬ್ಬರ ನಡುವೆ ಕುಳಿತಿತ್ತು.

ಖಾಜಾ ಸೀಟನ್ನು ಎತ್ತರಿಸಿ ಮುಂದಕ್ಕೆ ಸರಿಸಿದ. ಮೊಣಕೈ ಊರುವ ಮೆತ್ತೆಗಳನ್ನು ತಗ್ಗಿಸಿದ. ಸೈಕಲ್ ಅಲುಗದಂತೆ ಹಿಡಿದುಕೊಂಡವನು ನಾನು. ಅವಳು ಏರಿ, ಮೊಣಕೈಗಳನ್ನೂರಿ, ಬೆನ್ನನ್ನು ನೀಳವಾಗಿ ಚಾಚಿ, ತಲೆ ತಗ್ಗಿಸಿದಳು. ಗರ್ಭಗುಡಿಯ ಮುಂದೆ ಮೈ ಚೆಲ್ಲಿ ನಮಿಸುವವರ ಮುಖದಲ್ಲಿ ಕಾಣುವಂಥ ನೆಮ್ಮದಿ ಅವಳಿಗೆ ಬಂತು.

"ಕುತ್ತಿಗಿ ನೋಯ್ತದೇನವ್ವಾ?"

"ಇಲ್ಲರಿ."

"ಮೊಣಕಾಲು?"

"ಇಲ್ಲರಿ ದೊಡ್ಡಪ್ಪಾ. ಏನೂ ಇಲ್ಲರಿ."

"ಕೂತ್‌ಬಿಡ್ತು ಗುರುಜಿ. ಇನ್ನ ನೀವು ಕೈ ಬಿಡ್ರಿ" ಎಂದ ಖಾಜಾ. ಅವನು ಎರಡನೆಯ ಸಲ ಹೇಳಬೇಕಾಯಿತು.

ಹೊರಡುವ ಮುನ್ನ ಕೆಲವು ವಾರ ಅವಳು ಬೀದರಿನಿಂದ ಹಲಬರ್ಗಾದ ಮೇಲೆ ಭಾಲ್ಕಿಯವರೆಗೆ ಅಭ್ಯಾಸ ಮಾಡಿದಳು. ಆಗೊಂದು ಸೊಗಸಾದ ತಪ್ಪು ನಡೆಯಿತು. ನಮ್ಮ ಕಡೆ ಎದುರಾದವರು ತಲೆಬಾಗಿದರೆ 'ಶರಣಾರ್ಥಿ' ಎನ್ನದೆ ಇರುವುದು ಮರ್ಯಾದೆಯಲ್ಲ. ಇವಳು ಬಾಗಿ ಬರುವುದನ್ನು ಕಂಡ ದಾರಿಯ ಹಿರಿಯರೆಲ್ಲ ತಮಗೇ ನಮಸ್ಕರಿಸುತ್ತಿದ್ದಾಳೆಂದು ಬಗೆದು, ಕೈಯೆತ್ತಿ "ಶರಣಾರ್ಥಿರೆವ್ವಾ" ಎನ್ನತೊಡಗಿದರು. ಹಲಬರ್ಗಾದ ಮುದುಕರೊಬ್ಬರು ತಮ್ಮನ ಬಳಿ, "ನಿಮ್ಮ ಮಗಳಂಥಾ ವಿನಯ ಎಲ್ಲೂ ನೋಡಿಲ್ಲರಿ. ಎಮ್ಮಿ ಎದುರು ಬಂದ್ರೂ ತಲಿ ಬಗ್ಗಸ್ತಾಳ" ಎಂದರಂತೆ. ನಿಜ ತಿಳಿದ ಮೇಲೂ ಹಿರಿಯರು ಶರಣಾರ್ಥಿ ಹೇಳುವುದನ್ನು ಬಿಡಲಿಲ್ಲ. ಅವಳೂ ಬಿಡದೆ, ಇದ್ದ ಭಂಗಿಯಲ್ಲೇ, ರಸ್ತೆಯನ್ನು ನೋಡುತ್ತ "ಶರಣಾರ್ಥಿ, ಶರಣಾರ್ಥಿ" ಎನ್ನುತ್ತ ಸಾಗುತ್ತಿದ್ದಳು. ವ್ಯಾಕರಣ ಕಲಿಸಿದ ನನಗೆ, ಅರ್ಥ ತಪ್ಪಿದರೂ ಭಾವ ತಪ್ಪದ ಪ್ರಯೋಗ ಅದೊಂದೇ ಸಿಕ್ಕಿದ್ದು.

ಅವಳು ಹೋದಳು. ಸ್ಪರ್ಧಿಸಿದಳು, ಈಗ ಅಲ್ಲಿಯೇ ಇತರರಿಗೆ ಕಲಿಸುತ್ತಾಳೆ. ಮೊದಮೊದಲು ಫೋನಿನಲ್ಲಿ, "ಇಲ್ಲಿ ರಸ್ತಾದಾಗ ಯಾರೂ ಏನೂ ಅನ್ನಂಗಿಲ್ಲರಿ ದೊಡ್ಡಪ್ಪಾ. ಬಾಯಿ ಒಣಗಿದಂಗ ಆಗ್ತದ" ಎನ್ನುತ್ತಿದ್ದಳು. ಆ ಮಾತನ್ನು ನಾನು ಬಹುಕಾಲ ಭರವಸೆಯಾಗಿ ಇಟ್ಟುಕೊಂಡೆ. ನೀರಿಲ್ಲದೆ ಹೋದವಳು ನೀರು ಬಂದರೆ ಬರುವಳೆಂದು ನನ್ನ ಲೆಕ್ಕ. ನಿತ್ಯದ ಪೂಜೆಯಲ್ಲಿ ಮಳೆಯನ್ನು ಬೇಡುವಾಗ ಅವಳ ಹೆಸರನ್ನೂ ಮೆಲ್ಲಗೆ ಸೇರಿಸುತ್ತಿದ್ದೆ.

ಈ ವರ್ಷ ಭರ್ತಿ ಮಳೆ ಬಂತು. ನಿನ್ನೆ ಆ ಅಂಗಡಿಯನ್ನು ದಾಟಿ ಮನೆಗೆ ಬಂದು, ಬಿಲ್ವಪತ್ರೆಯನ್ನು ಕೆಳಗಿಟ್ಟು, ನಾನೇ ಅವಳಿಗೆ ಫೋನು ಮಾಡಿದೆ.

"ಊರಾಗ ನಿಮ್ಮಪ್ಪನ ಬಾವಿ ಮೆಟ್ಟಲದ ತನಾ ತುಂಬ್ಯಾದವ್ವಾ."

ಆಚೆ ಅಲೆಯ ಸದ್ದು ಕೇಳುತ್ತಿತ್ತು.

"ಛಲೋ ಆತ್ರಿ ದೊಡ್ಡಪ್ಪಾ" ಎಂದಳು. "ಊರ ಹುಡುಗ್ಯಾರಿಗಿ ಈಜು ಕಲಸ್ಲಿಕ್ಕ ಹೇಳ್ರಿ ಯಾರಿಗ್ಯಾದ್ರೂ."

ಸ್ನಾನ ಮಾಡಿ ಪೂಜೆಗೆ ಕುಳಿತೆ. ಮಳೆಯನ್ನು ಮಳೆಗಾಗಿಯೇ ಬೇಡಿಕೊಂಡೆ. ಅವಳ ಹೆಸರು ಬಂದಾಗ ಬೇರೆಯೇ ಒಂದು ಪತ್ರೆ ತೆಗೆದುಕೊಂಡು, ಆ ಕಡಲ ದಾರಿಯಲ್ಲಿ ಎದುರುಗಾಳಿ ಮೆಲ್ಲಗಿರಲಿ ಎಂದು ಏರಿಸಿದೆ.