ತೂಬಿನ ಕಟ್ಟೆಯ ಸಿಪಿಲೆ

ಆ ಹಕ್ಕಿ ನನ್ನ ಮುಷ್ಟಿಯಲ್ಲೇ ಸತ್ತಿತೋ, ಬಿಟ್ಟ ಮೇಲೆ ಹಾರಿಹೋಯಿತೋ, ನನಗೆ ಖಚಿತವಿಲ್ಲ. ಎರಡೂ ಅಷ್ಟೇ ಸ್ಪಷ್ಟವಾಗಿ ನೆನಪಿವೆ, ಹಾಗಾಗಿ ಎರಡನ್ನೂ ನಂಬುವುದಿಲ್ಲ. ಮೊನ್ನೆ ನರಸೀಪುರದಲ್ಲಿ ಒಣಗಿದ ನಾಲೆಗೆ ನೀರು ಬಿಟ್ಟರು. ಬಿಸಿ ಹೂಳಿನ ಮೇಲೆ ನೀರು ಹರಿದಾಗ ಏಳುವ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಹುಲ್ಲಹಳ್ಳಿಯ ನೀರುಗಂಟಿ ನೆನಪಾದ... ಸಿಟ್ಟಿನ ಜೊತೆಗೇ.

ನಾಲೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವುದು ಅವನ ಕೆಲಸ. ಒಳ್ಳೆಯವನಾಗಿದ್ದ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಆಗದವರ ತೂಬಿನ ಹಲಗೆಯನ್ನು ಒಂದು ಗೇಣು ಎತ್ತುವ ಕಡೆ ನಾಲ್ಕು ಬೆರಳು ಎತ್ತುತ್ತಿದ್ದ. ನಮ್ಮಪ್ಪ ಅವನೆದುರು ಹೆಗಲಿನ ಟವೆಲ್ ಇಳಿಸಿ ನಿಲ್ಲುವುದನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಅಂಥವನಿಗೆ ಒಂದು ಸಿಪಿಲೆಯ ಮೇಲೆ ಮಾತ್ರ ಜೀವ. ಬೂದು ಬೆನ್ನು, ಹಳದಿ ಹೊಟ್ಟೆ, ಗುಬ್ಬಿಯಷ್ಟೇ ಮೈ, ಉದ್ದ ಬಾಲ. ನಿಂತಲ್ಲೂ ಆ ಬಾಲ ಮೇಲೆ ಕೆಳಗೆ ಆಡುತ್ತಲೇ ಇರಬೇಕು. ದಸರೆಯ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದು ಬೇಸಿಗೆ ಬಲಿಯುವ ಮುನ್ನ ಹೊರಟುಬಿಡುತ್ತಿತ್ತು. ದೊಡ್ಡ ತೂಬಿನ ಕಟ್ಟೆ ಅದರ ಸ್ವಂತ ಆಸ್ತಿ. ಇನ್ನೊಂದು ಸಿಪಿಲೆ ಇಳಿದರೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಮೊಪೆಡ್‌ನ ಕನ್ನಡಿಯಲ್ಲಿ ತನ್ನನ್ನೇ ಕಂಡು ಕುಕ್ಕಿ ಕುಕ್ಕಿ ಸುಸ್ತಾಗುತ್ತದೆಂದು ನೀರುಗಂಟಿ ಆ ಕನ್ನಡಿಗೆ ತಲೆವಸ್ತ್ರ ಸುತ್ತಿಡುತ್ತಿದ್ದ.

ನಾನಾಗ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ವರ್ಷವರ್ಷವೂ ಬರುವುದು ಇದೇ ಹಕ್ಕಿ, ಎಡಗಾಲಿನ ಹಿಂಬೆರಳು ಇಲ್ಲದ್ದು ಎಂದು ಅವನು ಟೀ ಅಂಗಡಿಯಲ್ಲಿ ಹೇಳುತ್ತಿದ್ದ. ಈ ವರ್ಷದ್ದಕ್ಕೆ ಬೆರಳಿಲ್ಲ ಸರಿ, ಹೋದ ವರ್ಷದ್ದಕ್ಕೂ ಇರಲಿಲ್ಲ ಎನ್ನಲು ಸಾಕ್ಷಿ ಏನು ಎಂದು ಕೇಳಿದೆ.

"ನಾನ್ ನೋಡಿವ್ನಿ ಕಣ್ಲಾ."

"ಬಂದಾಗೆಲ್ಲ ಆಧಾರ್ ಕಾರ್ಡ್ ತೋರಿಸ್ತದಾ ಮಾವ?" ಅಂದೆ. ಅಂಗಡಿಯೆಲ್ಲ ನಕ್ಕಿತು. ಅವನು ಅರ್ಧ ಟೀ ಬಿಟ್ಟು ಎದ್ದುಹೋದ.

ಮಾರನೆಯ ದಿನದಿಂದ ನಮ್ಮ ಗದ್ದೆಯ ಸರದಿ ಕೊನೆಗೆ ಹೋಯಿತು. ತಪ್ಪಾಯಿತೆಂದು ಹೇಳಿ ಬಾ ಎಂದರು ಅಪ್ಪ. ನಾನು ಹೋಗಲಿಲ್ಲ. ಹಕ್ಕಿಯ ಕಾಲಿಗೆ ಕೆಂಪು ಉಂಗುರ ತೊಡಿಸುವುದು, ಮುಂದಿನ ವರ್ಷ ಉಂಗುರವಿಲ್ಲದ್ದು ಬಂದಾಗ ಊರೆದುರು ಅವನ ಬಾಯಿ ಮುಚ್ಚಿಸುವುದು. ನನ್ನ ಸಂಶೋಧನೆ ಇಷ್ಟೇ.

ಅವನು ಮಧ್ಯಾಹ್ನದ ಊಟಕ್ಕೆ ಹೋದಾಗ ಅಪ್ಪನ ಗಡ್ಡ ಹೆರೆಯುವ ಕನ್ನಡಿಯನ್ನು ಕಟ್ಟೆಯ ಮೇಲಿಟ್ಟು ಬಲೆ ಹರಡಿದೆ. ಸಿಪಿಲೆ ಜಗಳಕ್ಕೆಂದೇ ಬಂದು ಸಿಕ್ಕಿಬಿತ್ತು. ಉಂಗುರವನ್ನೇನೋ ತೊಡಿಸಿದೆ. ಅಷ್ಟರಲ್ಲಿ ಅವನು ಬಂದ.

"ಬುಡ್ಲಾ ಅದ್ನ."

ಹಟಕ್ಕೆ ಮುಷ್ಟಿ ಬಿಗಿ ಮಾಡಿದೆ. ಬೆರಳುಗಳ ನಡುವೆ ಅದರ ಎದೆ ಡವಗುಟ್ಟುತ್ತಿತ್ತು... ಒಂದು ನೆನಪಿನಲ್ಲಿ ಅದು ಏಳುತ್ತ ಇಳಿಯುತ್ತ ಗದ್ದೆಯ ಮೇಲೆ ಹಾರಿಹೋಗುತ್ತದೆ. ಇನ್ನೊಂದರಲ್ಲಿ ನೀರಿಗೆ ಬಿದ್ದು ತೇಲಿಹೋಗುತ್ತದೆ. ಅವನು ಆಡಿದ ಮಾತು ಮಾತ್ರ ಎರಡರಲ್ಲೂ ಒಂದೇ.

"ನನ್ನ ಸುಳ್ಳ ಅನ್ನುಸ್ಬೇಕಿತ್ತು ನಿಂಗೆ. ಅನ್ನುಸ್ಲಾ. ಆ ಜೀವ ಏನ್ ಮಾಡಿತ್ತು?"

ಮರುವರ್ಷ ಕಟ್ಟೆಗೆ ಯಾವ ಸಿಪಿಲೆಯೂ ಬರಲಿಲ್ಲ. ಉಂಗುರದ್ದೂ ಇಲ್ಲ, ಉಂಗುರವಿಲ್ಲದ್ದೂ ಇಲ್ಲ. ಅವನು ನನ್ನನ್ನು ಬೈಯಲೂ ಇಲ್ಲ, ನಮ್ಮ ಸರದಿಯನ್ನು ಮೇಲೆ ತರಲೂ ಇಲ್ಲ. ಅವನು ತೀರಿಕೊಂಡ ದಿನ ನಾನು ನರಸೀಪುರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ. ಅಪ್ಪನನ್ನು ಟವೆಲ್ ಇಳಿಸಿ ನಿಲ್ಲುವಂತೆ ಮಾಡಿದ್ದಕ್ಕೆ ಅವನನ್ನು ಈಗಲೂ ಕ್ಷಮಿಸಿಲ್ಲ. ಹಕ್ಕಿ ಏನಾಯಿತೆಂದು ಕೇಳೋಣವೆಂದರೆ, ನೋಡಿದ್ದ ಇನ್ನೊಬ್ಬ ಅವನೊಬ್ಬನೇ...

ಈ ವಾರ ಹಳೆಯ ಮೊಬೈಲ್‌ನ ಫೋಟೊಗಳನ್ನು ಜಾಲಾಡಿದೆ. ಜಗಳದ ಹಿಂದಿನ ವರ್ಷ ಊರಿಗೆ ಹೋದಾಗ ಅದೇ ಕಟ್ಟೆಯ ಮೇಲೆ ನಾನೇ ತೆಗೆದ ಸಿಪಿಲೆಯ ಚಿತ್ರವೊಂದು ಸಿಕ್ಕಿತು. ಹಿಗ್ಗಿಸಿ ನೋಡಿದೆ. ನನ್ನ ಕಣ್ಣನ್ನು ನಂಬದೆ, ವಿಷಯ ಹೇಳದೆ ಸಹೋದ್ಯೋಗಿಯೊಬ್ಬರಿಗೂ ತೋರಿಸಿದೆ. ಅವರು ಕಂಡದ್ದೂ ಅದನ್ನೇ. ಎಡಗಾಲಿಗೆ ಹಿಂಬೆರಳಿಲ್ಲ.